ಒಂದು ಅಂಕದ ಊರು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನೆನಪಿರಬಹುದು. ನಾನು ಕನ್ನಡ ಮೇಷ್ಟ್ರು. ಆದರೆ ಕಾವೇರಿ ದಂಡೆಯ ನಮ್ಮ ಪ್ರೌಢಶಾಲೆಯಲ್ಲಿ ಸಮಾಜ ಪಾಠದ ಹುದ್ದೆ ಬಹುಕಾಲ ಖಾಲಿ ಬಿದ್ದಿದ್ದರಿಂದ ಚರಿತ್ರೆಯನ್ನೂ ನಾನೇ ಹೇಳಿಕೊಡಬೇಕಾಗಿತ್ತು. ‘ಯುರೋಪಿಯನ್ನರ ಆಗಮನ’ ಎಂಬ ಪಾಠ ಬಂದಾಗ ಕರಿಹಲಗೆಯ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ಜನರ ಹೆಸರನ್ನೂ ಬಲಕ್ಕೆ ಊರಿನ ಹೆಸರನ್ನೂ ಬರೆಯುತ್ತಿದ್ದೆ. ಪೋರ್ಚುಗೀಸರು – ಗೋವೆ. ಡಚ್ಚರು – ಪುಲಿಕಾಟ್. ಫ್ರೆಂಚರು – ಪಾಂಡಿಚೇರಿ. ಇಂಗ್ಲಿಷರು – ಮದರಾಸು. ಡೇನರು – ಟ್ರಾಂಕ್ವೆಬಾರ್. ‘ಹೊಂದಿಸಿ ಬರೆಯಿರಿ’ ಎಂಬ ಪ್ರಶ್ನೆಗೆ ಇದು ಸಿದ್ಧ ಉತ್ತರ. ಟ್ರಾಂಕ್ವೆಬಾರಿಗೆ ಒಂದು ಅಂಕ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಆ ಊರು ನನಗೆ ಒಂದು ಅಂಕದ ಊರಾಗಿಯೇ ಇತ್ತು.

1977ರಲ್ಲಿ ಒಂದು ದಿನ ಇದೇ ಪಾಠ ನಡೆಯುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ವರ್ಷದವರಿಗೆ ತಾನಾಗಿಯೇ ಗೊತ್ತಾಗುತ್ತದೆ. ಅವನ ತಂದೆ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದರು. ನೀರು ಇಳಿದ ಕಾಲದಲ್ಲಿ ಮೀನು ಹಿಡಿದು ಸಂತೆಗೆ ಒಯ್ಯುತ್ತಿದ್ದರು. ನಾನೂ ಎಷ್ಟೋ ಸಲ ಅವರ ಹರಿಗೋಲಿನಲ್ಲಿ ಆಚೆ ದಡಕ್ಕೆ ಹೋಗಿದ್ದೇನೆ.

“ಸಾ, ಡೇನ್‌ರು ಬರಕ್ ಮುಂಚೆ ಆ ಊರಲ್ಲಿ ಯಾರಿದ್ರು?” ಎಂದು ಆ ಹುಡುಗ ಕೇಳಿದ.

ಪಾಠ ಮುಗಿಸುವ ಅವಸರದಲ್ಲಿದ್ದೆ. “ಯಾರಿರ್ತಾರೆ? ಸಮುದ್ರದ ದಂಡೆ ಅಂದ್ಮೇಲೆ ಮೀನು ಹಿಡಿಯೋರು ಇದ್ದಿರ್ತಾರೆ. ಅದೆಲ್ಲ ಪರೀಕ್ಷೆಗೆ ಬರೋದಿಲ್ಲ, ಕೂತ್ಕೋ” ಎಂದೆ.

ತರಗತಿ ಗೊಳ್ಳೆಂದು ನಕ್ಕಿತು. ಯಾಕೆ ನಕ್ಕಿತೆಂದು ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಗದರಲಿಲ್ಲ. ಹುಡುಗ ಕೂತ. ಮುಂದೆ ಅವನು ನನ್ನ ತರಗತಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ.

2023ರಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿ ಗುರುವಂದನೆ ಏರ್ಪಡಿಸಿದ್ದಾಗ ಅವನೂ ಬಂದಿದ್ದ. ರೈಲ್ವೆಯಲ್ಲಿ ಕೆಲಸ ಮಾಡಿ, ತಮಿಳುನಾಡಿನಲ್ಲೇ ಮದುವೆಯಾಗಿ, ನಿವೃತ್ತನಾದ ಮೇಲೆ ಹೆಂಡತಿಯ ಊರಾದ ಮೈಲಾಡುತುರೈಯಲ್ಲಿ ನೆಲೆಸಿದ್ದಾನೆ. ಕಾಲಿಗೆ ನಮಸ್ಕರಿಸಿ, “ಸಾರ್, ನಾನಿರೋ ಕಡೆಯಿಂದ ಒಂದು ಗಂಟೆ ದಾರಿ, ನಿಮ್ಮ ಟ್ರಾಂಕ್ವೆಬಾರು. ಒಂದ್ಸಲ ಬನ್ನಿ, ತೋರಿಸ್ತೀನಿ” ಎಂದ. ಮುಖದಲ್ಲಿ ನಗುವಿತ್ತು. ನನಗೆ ಮಾತ್ರ ಅಂದು ರಾತ್ರಿ ನಿದ್ದೆ ಬರಲಿಲ್ಲ. ಹುಡುಗ ಮರೆತಿದ್ದಾನೆಯೋ, ಅಥವಾ ನೆನಪಿಟ್ಟುಕೊಂಡೇ ಕರೆದನೋ?

ಅಂತೂ 2025ರ ಸಂಕ್ರಾಂತಿ ಕಳೆದ ಮೇಲೆ ಹೊರಟೆ. ಎಪ್ಪತ್ತೆಂಟರ ವಯಸ್ಸಿನಲ್ಲಿ ಒಬ್ಬನೇ ಹೋಗುವುದು ಬೇಡವೆಂದು ಮನೆಯವರು ಮೊಮ್ಮಗನನ್ನು ಜೊತೆ ಮಾಡಿದರು. ಮೈಸೂರಿನಲ್ಲಿ ಸಂಜೆ ಹತ್ತಿದ ರೈಲು ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟಿತು. ಆಮೇಲೆ ಬೆಂಗಳೂರು ಸುತ್ತಿ, ಸೇಲಂ ಇಳಿದು, ಈರೋಡು, ತಿರುಚ್ಚಿ, ತಂಜಾವೂರು, ಕುಂಭಕೋಣ ಎಂದು ಮತ್ತೆ ಅದೇ ಕಾವೇರಿಯ ಜೊತೆಗೂಡಿಕೊಂಡು ಬೆಳಿಗ್ಗೆ ಮೈಲಾಡುತುರೈ ಮುಟ್ಟಿಸಿತು. ನಿಲ್ದಾಣದಲ್ಲಿ ಅವನು ಕಾದಿದ್ದ. ಅವನ ಮನೆಯಲ್ಲಿ ಇಡ್ಲಿ ತಿಂದು, ಕಾರಿನಲ್ಲಿ ಹೊರಟೆವು. ಹಿಂದೆ ಅಲ್ಲಿಗೆ ಮೀಟರ್ ಗೇಜ್ ರೈಲು ಕೂಡ ಇತ್ತಂತೆ. 1980ರ ದಶಕದಲ್ಲಿ ಅದು ನಿಂತುಹೋಯಿತು. ದಾರಿಯುದ್ದಕ್ಕೂ ಗದ್ದೆಗಳು, ಕಾಲುವೆಗಳು. “ಇದೆಲ್ಲ ನಮ್ಮ ಹೊಳೆ ನೀರೇ ಸಾರ್” ಎಂದು ಅವನು ಕೈತೋರಿಸಿದ. ನಮ್ಮೂರ ದಂಡೆ ದಾಟಿದ ನೀರು ಎಲ್ಲಿಗೆ ಹೋಗುತ್ತದೆಂದು ನಾನು ಕಣ್ಣಾರೆ ಕಂಡಿದ್ದು ಅದೇ ಮೊದಲು.

ಊರ ಬಾಗಿಲಿನಲ್ಲಿ ಬಿಳಿಯ ಬಣ್ಣದ ಒಂದು ಕಮಾನು. 1792ರಲ್ಲಿ ಕಟ್ಟಿದ್ದು; ನೆತ್ತಿಯ ಮೇಲೆ ಡೆನ್ಮಾರ್ಕಿನ ರಾಜಮುದ್ರೆ. ಒಳಗೆ ಕಾಲಿಟ್ಟರೆ ರಾಜಬೀದಿ, ಅದರ ಎರಡೂ ಬದಿಗೆ ದಪ್ಪ ಗೋಡೆಯ ಹಳೆಯ ಬಂಗಲೆಗಳು. ಬೀದಿಯ ಕೊನೆಯಲ್ಲಿ ಒಮ್ಮೆಲೇ ಸಮುದ್ರ. ಗದ್ದಲವಿಲ್ಲ, ಗಾಡಿಗಳ ಓಡಾಟವಿಲ್ಲ. ಇಷ್ಟು ಚೆಂದದ, ಇಷ್ಟು ಮೌನದ ಬೀದಿಯನ್ನು ನಾನು ನಮ್ಮ ದೇಶದಲ್ಲಿ ಬೇರೆಲ್ಲೂ ಕಂಡಿಲ್ಲ. ಮೊಮ್ಮಗ ಫೋನಿನಲ್ಲಿ ಚಿತ್ರ ತೆಗೆಯುವುದರಲ್ಲಿ ಮುಳುಗಿಹೋದ.

ಅಲ್ಲಿನ ನಾಮಫಲಕಗಳಲ್ಲಿ ಊರಿನ ಹೆಸರು ತರಂಗಂಬಾಡಿ. ‘ಟ್ರಾಂಕ್ವೆಬಾರ್’ ಎಂಬುದು ಪರದೇಶಿಗರ ನಾಲಿಗೆಯಲ್ಲಿ ತಿರುಚಿಕೊಂಡ ರೂಪ. ಇಷ್ಟು ಸಾಮಾನ್ಯ ಸಂಗತಿಯನ್ನು ನಾನು ತರಗತಿಯಲ್ಲಿ ಒಮ್ಮೆಯೂ ಹೇಳಿರಲಿಲ್ಲ. ‘ಹಾಡುವ ಅಲೆಗಳ ಊರು’ ಎಂದು ಪ್ರವಾಸಿಗರಿಗೆ ಅರ್ಥ ಹೇಳುತ್ತಾರೆ. ಕೇಳಲು ಇಂಪಾಗಿದೆ. ಆದರೆ ಕನ್ನಡ ಮೇಷ್ಟ್ರ ಕಿವಿ ಅಲ್ಲಿಗೇ ಸುಮ್ಮನಾಗಲಿಲ್ಲ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುವುದನ್ನು ನಿಮಗೆಲ್ಲ ಬಾಯಿಪಾಠ ಮಾಡಿಸಿದ್ದೆನಲ್ಲ? ಪಾಲು ಹಾಲಾಯಿತು, ಪಾವು ಹಾವಾಯಿತು, ಪಾಡು ಹಾಡಾಯಿತು. ಹಾಗೆಯೇ ‘ಪಾಡಿ’ ಎಂದರೆ ನಮ್ಮ ‘ಹಾಡಿ’: ಜನ ಗುಂಪಾಗಿ ನೆಲೆಸಿದ ಜಾಗ. ನಮ್ಮ ಮೈಸೂರು ಸೀಮೆಯ ಕಾಡಂಚಿನಲ್ಲಿ ಈಗಲೂ ಹಾಡಿಗಳಿವೆ. ಅಲೆಯ ಹಾಡೋ, ಅಲೆಯ ಬದಿಯ ಹಾಡಿಯೋ, ವಿದ್ವಾಂಸರು ತೀರ್ಮಾನಿಸಲಿ. ನನಗಂತೂ ಎರಡನೆಯದೇ ಹೆಚ್ಚು ಒಪ್ಪುತ್ತದೆ.

ದಂಡೆಯ ಮೇಲಿರುವ ಮಾಸಿಲಾಮಣಿನಾಥರ ದೇವಾಲಯ ಈ ಮಾತಿಗೆ ಇನ್ನಷ್ಟು ಬಲ ಕೊಟ್ಟಿತು. ಮಾಸು ಇಲ್ಲದ ಮಣಿ. ಬಿಡಿಸಿ ಹೇಳಿದರೆ ನಮ್ಮ ಮಕ್ಕಳಿಗೂ ಅರ್ಥವಾಗುವ ಹೆಸರು. ಪಾಂಡ್ಯ ದೊರೆ ಮಾರವರ್ಮ ಕುಲಶೇಖರನ ಕಾಲದ್ದು, 1306ರ ಸುಮಾರಿನದು. ಶತಮಾನಗಳಿಂದ ಸಮುದ್ರ ಅದನ್ನು ಕೊರೆಯುತ್ತಲೇ ಬಂದು ಮುಂಭಾಗವನ್ನು ನುಂಗಿಹಾಕಿದೆ. ಅಲೆಗಳನ್ನು ತಡೆಯಲು ರಾಶಿ ಬಂಡೆಗಳನ್ನು ಸುರಿದಿದ್ದಾರೆ. ಆ ಗುಡಿಯ ಶಾಸನದಲ್ಲಿ ಊರಿನ ಹೆಸರು ‘ಸಡಂಗನ್‌ಪಾಡಿ’ ಎಂದಿದೆ. ಅಲ್ಲಿಯೂ ಪಾಡಿಯೇ! ಅಂದರೆ ಡೇನರ ಹಡಗು ಕಾಣಿಸಿಕೊಳ್ಳುವುದಕ್ಕೆ ಮುನ್ನೂರು ವರ್ಷ ಮೊದಲೇ ಇಲ್ಲೊಂದು ಊರಿತ್ತು, ಗುಡಿಯಿತ್ತು, ಜನರಿದ್ದರು. 1977ರಲ್ಲಿ ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಊರಿನ ಹೆಸರಿನೊಳಗೇ ಅಡಗಿತ್ತು. ಹೆಸರಿನ ಹಿಂದೆ ಹೋಗುವುದೇ ನನ್ನ ಕಸುಬಾಗಿದ್ದರೂ ನಾನು ನೋಡಿರಲಿಲ್ಲ.

ಇನ್ನು ಡೇನರ ಕಥೆ. 1620ರಲ್ಲಿ ಓವೆ ಗೆಡ್ಡೆ ಎಂಬ ಇಪ್ಪತ್ತೈದರ ಹರೆಯದ ನೌಕಾಧಿಕಾರಿ ಇಲ್ಲಿಗೆ ಬಂದ. ಮೆಣಸು ಮತ್ತು ಬಟ್ಟೆಯ ವ್ಯಾಪಾರದ ಆಸೆ. ತಂಜಾವೂರಿನ ರಘುನಾಥ ನಾಯಕ ಅನುಮತಿ ಕೊಟ್ಟ. ಡೆನ್ಮಾರ್ಕಿನ ದೊರೆ ನಾಲ್ಕನೆಯ ಕ್ರಿಶ್ಚಿಯನ್ನನಿಗೆ ಚಿನ್ನದ ತಗಡಿನ ಮೇಲೆ ತಮಿಳಿನಲ್ಲಿ ಬರೆಸಿ ಕಳಿಸಿದ ಅವನ ಪತ್ರ ಇಂದಿಗೂ ಕೋಪನ್‌ಹೇಗನ್ನಿನಲ್ಲಿದೆ. ಆಗ ಎದ್ದದ್ದೇ ಡಾನ್ಸ್‌ಬೋರ್ಗ್ ಕೋಟೆ. ಮರಳಿನ ಬಣ್ಣದ ಗೋಡೆಗಳು, ಒಂಟೆಯ ಡುಬ್ಬದಂತಹ ಗುಮ್ಮಟಗಳು. ಕೆಳಗಿನ ಅಂತಸ್ತಿನಲ್ಲಿ ಉಗ್ರಾಣ ಮತ್ತು ಸೆರೆಕೋಣೆ, ಮೇಲೆ ಅಧಿಕಾರಿಗಳ ವಾಸ. ಈಗ ಒಳಗೊಂದು ವಸ್ತುಸಂಗ್ರಹಾಲಯವಿದೆ. ಇನ್ನೂರ ಇಪ್ಪತ್ತೈದು ವರ್ಷ ಆಳಿದ ಮೇಲೆ, ಲಾಭವಿಲ್ಲವೆಂದು ಕಂಡು, 1845ರಲ್ಲಿ ಡೇನರು ಈ ಊರನ್ನೂ ಬಂಗಾಳದ ಸಿರಾಂಪುರವನ್ನೂ ಸೇರಿಸಿ ಹನ್ನೆರಡೂವರೆ ಲಕ್ಷ ರೂಪಾಯಿಗೆ ಇಂಗ್ಲಿಷರಿಗೆ ಮಾರಿ ಹೊರಟುಹೋದರು.

ಸಿರಾಂಪುರದ ಹೆಸರು ಬಂದಿದ್ದರಿಂದ ಒಂದು ಮಾತು. ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಅಲ್ಲಿಯೇ, ಅದು ಇನ್ನೂ ಡೇನರ ವಶದಲ್ಲಿದ್ದಾಗ. ಕನ್ನಡ ಅಕ್ಷರಗಳು ಅಚ್ಚಿನ ಮೊಳೆಗೆ ಇಳಿದ ಆರಂಭದ ದಿನಗಳಿಗೆ ಈ ಪುಟ್ಟ ದೇಶದವರ ನೆಲೆಯೊಂದು ಸಾಕ್ಷಿಯಾಗಿತ್ತು. ಆದ್ದರಿಂದ ಡೇನರು ನಮಗೆ ಪೂರ್ತಿ ಅಪರಿಚಿತರೇನೂ ಅಲ್ಲ.

ತರಂಗಂಬಾಡಿಗೂ ಅಚ್ಚಿನ ಕಥೆಯಿದೆ. 1706ರ ಜುಲೈ ತಿಂಗಳಲ್ಲಿ ಬಾರ್ತಲೋಮಿಯಸ್ ಝೀಗೆನ್‌ಬಾಲ್ಗ್ ಎಂಬ ಜರ್ಮನ್ ಪಾದ್ರಿ ಇಲ್ಲಿಗೆ ಬಂದಿಳಿದ. ಅವನಿಗೆ ಆಗಿನ್ನೂ ಇಪ್ಪತ್ನಾಲ್ಕು ತುಂಬುತ್ತಿತ್ತು. ಊರಿನ ಅಧಿಕಾರಿಯೊಡನೆ ವಿರಸವಾಗಿ ಡಾನ್ಸ್‌ಬೋರ್ಗಿನಲ್ಲೇ ನಾಲ್ಕು ತಿಂಗಳು ಸೆರೆಯಲ್ಲಿದ್ದ. ಆಮೇಲೆ ಮುದ್ರಣ ಯಂತ್ರ ತರಿಸಿ ತಮಿಳು ಪುಸ್ತಕಗಳನ್ನು ಅಚ್ಚು ಹಾಕಿಸಿದ. 1715ರ ಹೊತ್ತಿಗೆ ಹೊಸ ಒಡಂಬಡಿಕೆಯ ತಮಿಳು ಅನುವಾದ ಮುಗಿಯಿತು. 1719ರಲ್ಲಿ, ಮೂವತ್ತಾರಕ್ಕೇ, ತೀರಿಕೊಂಡ. ತಾನು ಕಟ್ಟಿಸಿದ ಹೊಸ ಜೆರುಸಲೇಂ ಚರ್ಚಿನಲ್ಲೇ ಅವನ ಸಮಾಧಿಯಿದೆ.

ಅವನ ಮತಕಾರ್ಯದ ಬಗ್ಗೆ ನಿಮ್ಮ ನಿಮ್ಮ ಅಭಿಪ್ರಾಯ ನಿಮಗಿರಲಿ. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ತಮಿಳು ಕಲಿಯಲು ಅವನು ಊರಿನ ಒಬ್ಬ ಮುದಿ ಅಯ್ಯನವರ ಜಗಲಿ ಶಾಲೆಯಲ್ಲಿ ಪುಟ್ಟ ಮಕ್ಕಳ ಸಾಲಿನಲ್ಲಿ ಕೂತು, ಅವರಂತೆಯೇ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದನಂತೆ. ನಮ್ಮ ತಂದೆಯವರು ಕೂಲಿಮಠದಲ್ಲಿ ಮರಳಿನ ಮೇಲೆಯೇ ತಿದ್ದಿ ಕಲಿತವರು. ಕಲಿಸಲು ಬಂದವನೊಬ್ಬ ಮೊದಲು ಮಕ್ಕಳ ನಡುವೆ ಕೂತು ಕಲಿತ. ನಾನು ಮೂವತ್ತನಾಲ್ಕು ವರ್ಷ ನಿಂತೇ ಪಾಠ ಮಾಡಿದವನು.

ಬಿಸಿಲು ಇಳಿದ ಮೇಲೆ ಕೋಟೆಯ ಪಕ್ಕದಿಂದ ಬೆಸ್ತರ ದಂಡೆಗೆ ನಡೆದೆವು. ಇಲ್ಲಿ ಚಿತ್ರ ಬದಲಾಯಿತು. ಬಂಗಲೆಯ ಬೀದಿಯಲ್ಲಿ ಕಾಣದಿದ್ದ ಜನರೆಲ್ಲ ಇಲ್ಲಿದ್ದರು. ಮರಳಿನ ಮೇಲೆ ಸಾಲಾಗಿ ಎಳೆದಿಟ್ಟ ಫೈಬರ್ ದೋಣಿಗಳು, ರಾಶಿ ರಾಶಿ ನೀಲಿ ಹಸಿರು ಬಲೆಗಳು, ಒಣಗಲು ಹರಡಿದ ಮೀನು, ಬುಟ್ಟಿ ಹಿಡಿದು ಜೋರಾಗಿ ಲೆಕ್ಕ ಮಾಡುವ ಹೆಂಗಸರು. ಹಿಂದೆ ಮರದ ದಿಮ್ಮಿಗಳನ್ನು ಹಗ್ಗದಲ್ಲಿ ಬಿಗಿದು ಮಾಡಿದ ಕಟ್ಟುಮರಗಳಲ್ಲೇ ಹೋಗುತ್ತಿದ್ದರು. ಕಟ್ಟಿದ ಮರ, ಕಟ್ಟುಮರ; ಇಂಗ್ಲಿಷಿನ ‘ಕ್ಯಾಟಮರಾನ್’ ಹುಟ್ಟಿದ್ದು ಇದರಿಂದಲೇ.

ವಯಸ್ಸಾದ ಒಬ್ಬರು ದೋಣಿಯ ನೆರಳಿನಲ್ಲಿ ಕೂತು, ಬಲೆಯ ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು, ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದರು. ನನ್ನ ಶಿಷ್ಯ ತಮಿಳಿನಲ್ಲಿ ಮಾತಿಗೆಳೆದ. 2004ರ ಡಿಸೆಂಬರ್ 26ರ ಮಾತು ಬಂತು. ಅಂದು ಭಾನುವಾರ. ಆಗ ಈ ಊರು ಸೇರಿದ್ದ ನಾಗಪಟ್ಟಣಂ ಜಿಲ್ಲೆಯೊಂದರಲ್ಲೇ ಸುನಾಮಿಗೆ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ದಂಡೆಯ ಈ ಜನರೇ. ಅವರ ಹೆಂಡತಿ ಹೋದದ್ದೂ ಆಗಲೇ. ಅಷ್ಟನ್ನು ಹೇಳಿ ಬಲೆಯ ಕಡೆಗೆ ತಿರುಗಿದರು. ನಾವೂ ಕೇಳಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ತಾವೇ ಮನೆಯ ವಿಷಯ ತೆಗೆದರು. ಸುನಾಮಿಯ ನಂತರ ದಂಡೆಯಿಂದ ಒಳಗೆ ಕಾಲೊನಿಯಲ್ಲಿ ಗಟ್ಟಿ ಮನೆ ಕಟ್ಟಿಕೊಟ್ಟಿದ್ದಾರೆ. ಮನೆಯ ಬಗ್ಗೆ ದೂರಿಲ್ಲ. ಆದರೆ ಅಲ್ಲಿಂದ ಸಮುದ್ರ ಕಾಣುವುದಿಲ್ಲ. ಗಾಳಿ ಯಾವ ಕಡೆಯದು, ನೀರಿನ ಬಣ್ಣ ಹೇಗಿದೆ, ಇಂದು ದೋಣಿ ಇಳಿಸಬಹುದೇ ಎಂದು ತಿಳಿಯಲು ನಸುಕಿಗೆ ಮುಂಚೆ ಎದ್ದು ಇಲ್ಲಿಯವರೆಗೆ ನಡೆದು ಬರಬೇಕು. ಮೊದಲು ಬಾಗಿಲು ತೆರೆದರೆ ಸಾಕಾಗಿತ್ತು.

ನಾನು ಶಿಷ್ಯನ ಮೂಲಕ ಕೇಳಿಸಿದೆ: “ಆ ಕೋಟೆ ಕಟ್ಟಿದವರು ಬಂದಾಗ ನಿಮ್ಮವರು ಇಲ್ಲೇ ಇದ್ದರೇ?”

ಮುದುಕರು ನನ್ನನ್ನು ವಿಚಿತ್ರವಾಗಿ ನೋಡಿದರು. ನಾವಿಲ್ಲದೆ ಅವರು ದಡಕ್ಕೆ ಬರುವುದು ಹೇಗೆ ಎಂದು ಮರುಪ್ರಶ್ನೆ ಹಾಕಿದರು.

ನಿಜ. ಈ ಕರಾವಳಿಯಲ್ಲಿ ಸಹಜ ಬಂದರುಗಳು ಕಡಿಮೆ. ದಡದ ಬಳಿ ನೀರು ಆಳವಿಲ್ಲ, ಅಲೆಗಳ ಹೊಡೆತ ಬಲು ಜೋರು. ದೊಡ್ಡ ಹಡಗುಗಳು ದೂರದಲ್ಲೇ ಲಂಗರು ಹಾಕಬೇಕಾಗಿತ್ತು. ಅಲ್ಲಿಂದ ಜನರನ್ನೂ ಸರಕನ್ನೂ ದಡಕ್ಕೆ ತರುತ್ತಿದ್ದವರು ಸ್ಥಳೀಯ ಅಂಬಿಗರು. ಅವರ ಮಸೂಲಾ ದೋಣಿಗೆ ಮೊಳೆಯೇ ಇರುತ್ತಿರಲಿಲ್ಲ. ಹಲಗೆಗಳನ್ನು ತೆಂಗಿನ ನಾರಿನಿಂದ ಹೊಲಿದಿರುತ್ತಿದ್ದರು. ಮೊಳೆ ಹೊಡೆದ ದೋಣಿ ಅಲೆಯ ಪೆಟ್ಟಿಗೆ ಬಿರಿಯುತ್ತದೆ, ಹೊಲಿದ ದೋಣಿ ಬಳುಕಿ ಪೆಟ್ಟನ್ನು ತಾಳಿಕೊಳ್ಳುತ್ತದೆ. ಮದರಾಸಿನಲ್ಲಿ ಇಂಗ್ಲಿಷರಿಗೂ ಇದೇ ಗತಿ. ಇದನ್ನೆಲ್ಲ ನಾನು ಎಲ್ಲೋ ಓದಿಯೇ ಇದ್ದೆ. ಆದರೂ ‘ಡೇನರು ಟ್ರಾಂಕ್ವೆಬಾರಿಗೆ ಬಂದರು’ ಎಂದು ಹಲಗೆಯ ಮೇಲೆ ಬರೆಯುವಾಗ, ಅವರನ್ನು ಹೊತ್ತು ತಂದ ದೋಣಿಯಾಗಲಿ, ಹುಟ್ಟು ಹಾಕಿದ ಕೈಯಾಗಲಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದೂ ಯಾರ ಮಗನ ಮುಂದೆ? ನನ್ನನ್ನೇ ಹರಿಗೋಲಿನಲ್ಲಿ ದಾಟಿಸುತ್ತಿದ್ದವರ ಮಗನ ಮುಂದೆ.

ಅಷ್ಟರಲ್ಲಿ ಶಿಷ್ಯ ಮರಳಿನ ಮೇಲೆ ಕೂತಾಗಿತ್ತು. ಮುದುಕರ ಕೈಯಿಂದ ಬಲೆ ಹೆಣೆಯುವ ಸೂಜಿಯನ್ನು ಇಸಿದುಕೊಂಡು, ಬೆರಳಿನ ಅಳತೆಯಲ್ಲಿ ದಾರ ಸುತ್ತಿ, ಒಂದು ಕಣ್ಣು ಹಾಕಿದ, ಇನ್ನೊಂದು ಹಾಕಿದ. ಮುದುಕರು ಬಗ್ಗಿ ನೋಡಿ ಏನೋ ಅಂದರು. “ಗಂಟು ಸರಿಯಾಗಿದೆಯಂತೆ ಸಾರ್. ಆದ್ರೆ ಹೊಳೆಯವನ ಗಂಟು ಅಂತೆ” ಎಂದು ಅವನು ನಕ್ಕ. ಅಪ್ಪ ಕಲಿಸಿದ್ದಂತೆ. ನಲವತ್ತು ವರ್ಷ ರೈಲ್ವೆಯಲ್ಲಿ ದುಡಿದರೂ ಬೆರಳು ಮರೆತಿರಲಿಲ್ಲ. ನನ್ನ ಮೊಮ್ಮಗ ಕೂಡ ಅವರಿಬ್ಬರ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡತೊಡಗಿದ. ನಿಂತಿದ್ದವನು ನಾನೊಬ್ಬನೇ. ಮಂಡಿ ನೋವಿದ್ದರೂ ಮೆಲ್ಲಗೆ ನಾನೂ ಕೂತೆ.

ಹಿಂದಿರುಗುವಾಗ ದಾರಿಯಲ್ಲಿ ಚಹಾದಂಗಡಿಯ ಬಳಿ ನಿಂತೆವು. ಮೊಮ್ಮಗ ಆಚೆ ಹೋಗಿದ್ದ. ಕೇಳಿಯೇಬಿಟ್ಟೆ.

“ಒಂದು ದಿನ ಕ್ಲಾಸಿನಲ್ಲಿ ನೀನು ಒಂದು ಪ್ರಶ್ನೆ ಕೇಳಿದ್ದೆ. ನೆನಪಿದೆಯೇನಯ್ಯಾ?”

ಅವನು ಲೋಟವನ್ನು ತಿರುಗಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ. “ಇದೆ ಸಾರ್. ಆಮೇಲೆ ಎರಡು ದಿನ ನಾನು ಸ್ಕೂಲಿಗೆ ಬರಲಿಲ್ಲ. ಮೂರನೇ ದಿನ ಹಾಜರಿ ಕೂಗೋವಾಗ ‘ಎಲ್ಲಿ ಹೋಗಿದ್ಯೋ’ ಅಂದ್ರಿ. ‘ಜ್ವರ ಸಾ’ ಅಂದೆ.”

ಹಾಜರಿ ಪುಸ್ತಕದಲ್ಲಿ ಎರಡು ದಿನ ಗೈರು ಹಾಕಿದ್ದವನು ನಾನೇ. ಯಾಕೆಂದು ತಿಳಿಯಲು ನಲವತ್ತೆಂಟು ವರ್ಷ ಬೇಕಾಯಿತು.

“ನನ್ನದು ತಪ್ಪಾಯಿತು ಕಣಯ್ಯಾ” ಎಂದೆ.

“ಅಯ್ಯೋ, ಏನ್ ಸಾರ್ ನೀವು” ಎಂದು ಅವನು ಗಲಿಬಿಲಿಗೊಂಡು ಎದ್ದುನಿಂತ. “ನೀವು ಹೇಳಿದ್ದು ಸುಳ್ಳೇನಲ್ಲವಲ್ಲ ಸಾರ್. ಮೀನು ಹಿಡಿಯೋರೇ ಇದ್ರು. ಅಲ್ಲಿ ಗಟ್ಟಿಯಾಗಿ ಅದನ್ನೇ ಬರೆಸಿದ್ರೆ ಸಾಕಾಗಿತ್ತು.” ಹೀಗೆಂದವನೇ ಚಹಾದ ದುಡ್ಡು ಕೊಡಲು ಒಳಗೆ ಹೋದ. ನಾನು ಕೊಡುತ್ತೇನೆಂದರೂ ಬಿಡಲಿಲ್ಲ.

ಅವನ ಮಾತಿನಲ್ಲಿ ಕಹಿ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಉತ್ತರಪತ್ರಿಕೆ ತಿದ್ದುವವರು ತೋರಿಸಿಕೊಡುವಂತೆ ತೋರಿಸಿಕೊಟ್ಟ. ನನ್ನ ಉತ್ತರ ಸರಿಯಾಗಿಯೇ ಇತ್ತು. ಅದನ್ನು ಹೇಳಿದ ರೀತಿಯಿಂದ ಅದು ಬೈಗುಳವಾಗಿತ್ತು.

ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ. ಕೆಲವರು ಮುಖ್ಯೋಪಾಧ್ಯಾಯರೂ ಆಗಿದ್ದೀರಿ. ಪಾಠ ಮುಗಿಯದ ಅವಸರ, ಪರೀಕ್ಷೆಯ ಒತ್ತಡ ಎಂಥದೆಂದು ನನಗೆ ಗೊತ್ತು. ಆದರೂ ಹಿಂದಿನ ಬೆಂಚಿನಿಂದ ಯಾವುದಾದರೂ ಮಗು ‘ಅದಕ್ಕೆ ಮುಂಚೆ ಅಲ್ಲಿ ಯಾರಿದ್ರು’ ಎಂದು ಕೇಳಿದರೆ ಒಂದು ನಿಮಿಷ ಸೀಮೆಸುಣ್ಣ ಕೆಳಗಿಡಿ. ಉತ್ತರ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ನಾಳೆ ನೋಡಿಕೊಂಡು ಬರ್ತೀನಿ’ ಎನ್ನಿ. ನಾನು ಅಷ್ಟು ಹೇಳಿದ್ದರೂ ಆ ಹುಡುಗ ಮಾರನೆಯ ದಿನ ಶಾಲೆಗೆ ಬರುತ್ತಿದ್ದ.

ಅಂದು ತರಗತಿಯಲ್ಲಿ ನಕ್ಕವರೂ ಇದನ್ನು ಓದುತ್ತಿರಬಹುದು. ನೀವು ಮಕ್ಕಳು, ನಗಿಸಿದವನು ನಾನು. ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆದರೆ ಆ ಕಡೆ ಹೋಗುವ ಅವಕಾಶ ಸಿಕ್ಕರೆ ತರಂಗಂಬಾಡಿಯನ್ನು ನೋಡದೆ ಬರಬೇಡಿ. ಕೋಟೆ, ಚರ್ಚು, ಬಂಗಲೆಗಳನ್ನು ನೋಡಿ ಮುಗಿಸಿದ ಮೇಲೆ ಬಲೆ ಒಣಗಿಸುವ ದಂಡೆಗೂ ನಡೆದುಹೋಗಿ. ನಿಮ್ಮ ಸಹಪಾಠಿ ಅಲ್ಲೇ ಹತ್ತಿರದಲ್ಲಿದ್ದಾನೆ. ನೀವು ಬಂದರೆ ಇಡ್ಲಿ ಹಾಕಿಸುತ್ತಾನಂತೆ. ಹಾಗೆಂದು ಎಲ್ಲರಿಗೂ ತಿಳಿಸಲು ಹೇಳಿದ್ದಾನೆ.